ದಾನಿಗಳ ಹಣದಿಂದ ಊರ ಕೆಲಸ: ಏಳು ಮೆಟ್ಟಲುಗಳ ಪಾಠ
(ಕೆರೆಯ ಹೂಳೆತ್ತುವ ಕಾರ್ಯದ ನಿದರ್ಶನದೊಂದಿಗೆ)



ಕೆರೆಯ ಹೂಳು ತೆಗೆಸಬೇಕು, ಶಾಲೆಗೆ ಎರಡು ಕೋಣೆ ಕಟ್ಟಿಸಬೇಕು, ಕುಡಿಯುವ ನೀರಿನ ಏರ್ಪಾಡಾಗಬೇಕು ಎಂಬ ಮಾತು ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಕೇಳಿಬರುತ್ತದೆ. ಇಂಥ ಕೆಲಸಗಳಿಗೆ ಸರ್ಕಾರದ ಹಣವಲ್ಲದೆ ಬೇರೆ ಹಣವೂ ಉಂಟು. ಕಂಪನಿಗಳು ಕೊಡುತ್ತವೆ, ಧರ್ಮಸಂಸ್ಥೆಗಳು ಕೊಡುತ್ತವೆ, ಪರದೇಶದ ಸಂಸ್ಥೆಗಳು ಕೊಡುತ್ತವೆ, ಊರು ಬಿಟ್ಟು ಹೋಗಿ ಅನುಕೂಲವಾಗಿರುವ ನಮ್ಮ ಮಕ್ಕಳೂ ಕೊಡುತ್ತಾರೆ. ಹಣ ಪಡೆಯುವುದು ಕಷ್ಟವೆಂದು ಎಲ್ಲರೂ ಬಲ್ಲರು. ಪಡೆದ ಹಣವನ್ನು ಕೆಲಸವಾಗಿ ಮಾರ್ಪಡಿಸಿ, ಪೈಸೆಪೈಸೆಗೂ ಲೆಕ್ಕ ಒಪ್ಪಿಸಿ, ಆದ ಕೆಲಸವು ಹತ್ತು ವರ್ಷ ನಿಲ್ಲುವಂತೆ ಕಾಪಾಡುವುದು ಅದಕ್ಕಿಂತ ಕಷ್ಟ. ಈ ಕಾರ್ಯವನ್ನು ಮೆಟ್ಟಲು ಮೆಟ್ಟಲಾಗಿ ನಡೆಸುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಹಿಂದಿನ ಅನುಭವವೊಂದನ್ನು ಮೊದಲು ನೆನೆಯಬೇಕು. ನಮ್ಮ ಬ್ಲಾಕುಗಳ ಹುಟ್ಟಿಗೆ ಕಾರಣವಾದ ಸಮುದಾಯ ಅಭಿವೃದ್ಧಿ ಯೋಜನೆಯೇ ಹೊರಗಿನ ನೆರವನ್ನು ಪಡೆದ ಕಾರ್ಯವಾಗಿತ್ತು. 1952ನೇ ಇಸವಿ ಅಕ್ಟೋಬರ್ 2ರಂದು ದೇಶದಲ್ಲಿ 55 ಸಮುದಾಯ ಯೋಜನೆಗಳು ಆರಂಭವಾದಾಗ ಅಮೆರಿಕದ ತಾಂತ್ರಿಕ ಸಹಕಾರದ ನೆರವೂ ಫೋರ್ಡ್ ಪ್ರತಿಷ್ಠಾನದ ನೆರವೂ ಅದಕ್ಕೆ ದೊರೆತಿದ್ದವು. ಐದು ವರ್ಷ ಕಳೆದ ಮೇಲೆ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿಯು ಈ ಕಾರ್ಯವನ್ನು ಪರಿಶೀಲಿಸಿತು. ಜನರಲ್ಲಿ ತಾವೇ ಮುಂದಾಗುವ ಉತ್ಸಾಹವನ್ನು ಹುಟ್ಟಿಸುವುದರಲ್ಲಿ ಯೋಜನೆ ಸಫಲವಾಗಿಲ್ಲವೆಂದು ಅದು ಕಂಡಿತು. ಹೊಣೆಯನ್ನು ಮೂರು ಹಂತಗಳ ಪಂಚಾಯತಿಗಳಿಗೆ ವಹಿಸಬೇಕೆಂದು ಸಲಹೆಮಾಡಿತು. ಹಣವೂ ಇತ್ತು, ಅಧಿಕಾರಿಗಳೂ ಇದ್ದರು. ಊರಿನವರು ಕೆಲಸವನ್ನು ತಮ್ಮದೆಂದು ಹಿಡಿಯದಿದ್ದುದೇ ಕೊರತೆ. ಈ ಪಾಠದ ಏಳು ಮೆಟ್ಟಲುಗಳೂ ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಇವೆ.

1. ಬೇಕಾದುದನ್ನು ಗೊತ್ತುಮಾಡುವುದು

ದಾನಿ ಬಂದಿದ್ದಾನೆಂದು ಕೆಲಸ ಹುಡುಕಬೇಡಿ. ಕೆಲಸವನ್ನು ಗೊತ್ತುಮಾಡಿಕೊಂಡು ದಾನಿಯನ್ನು ಹುಡುಕಿರಿ. ಊರಿಗೆ ನೀರು ಬೇಕಾಗಿರುವಾಗ ಬಸ್ಸಿನ ತಂಗುದಾಣ ಕಟ್ಟಿಸಿಕೊಡುತ್ತೇವೆಂದು ಯಾರಾದರೂ ಬಂದರೆ, ವಂದನೆ ಹೇಳಿ ನಮ್ಮ ಅಗತ್ಯವನ್ನು ತಿಳಿಸುವ ಧೈರ್ಯ ಇರಬೇಕು.

ಅಗತ್ಯವನ್ನು ಗೊತ್ತುಮಾಡುವ ಸ್ಥಳ ಗ್ರಾಮಸಭೆ. ನಾಲ್ಕು ಜನ ಮುಖಂಡರು ಚಾವಡಿಯಲ್ಲಿ ಕುಳಿತು ಮಾಡಿದ ತೀರ್ಮಾನವು ಗ್ರಾಮಸಭೆಯ ತೀರ್ಮಾನವಾಗದು. ಕೆರೆಯ ಮಾತಾದರೆ, ಅಚ್ಚುಕಟ್ಟಿನಲ್ಲಿ ಗದ್ದೆಯುಳ್ಳವರು ಮಾತ್ರವೇ ಕೆರೆಗೆ ಸಂಬಂಧಪಟ್ಟವರೆಂದು ತಿಳಿಯಬಾರದು. ತೂಬಿನ ಹತ್ತಿರದ ರೈತರು, ಕಾಲುವೆಯ ಕೊನೆಯ ರೈತರು, ಬಾವಿ ಮತ್ತು ಕೊಳವೆಬಾವಿಯವರು, ದನಕುರಿ ನೀರಿಗೆ ಬಿಡುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಬೇಸಗೆಯಲ್ಲಿ ಕೆರೆಯಂಗಳದಲ್ಲಿ ಬೆಳೆ ಇಡುವವರು, ಇವರೆಲ್ಲರೂ ಸಭೆಯಲ್ಲಿರಬೇಕು. ನೀರು ಹೊರುವ ಹೆಂಗಸರ ಮಾತನ್ನು ಕೇಳದೆ ನೀರಿನ ಯೋಜನೆ ಮಾಡುವುದು ಅರ್ಧ ಯೋಜನೆ.

ಹೂಳೆತ್ತುವ ಕೆಲಸದಲ್ಲಿ ಜಗಳ ಹುಟ್ಟುವುದು ಮುಖ್ಯವಾಗಿ ಒಂದೇ ಪ್ರಶ್ನೆಯಿಂದ: ತೆಗೆದ ಗೋಡುಮಣ್ಣು ಯಾರ ಹೊಲಕ್ಕೆ? ಟ್ರ್ಯಾಕ್ಟರು ಇದ್ದವರು ಹೊತ್ತೊಯ್ದು, ಎರಡೆಕರೆಯ ಬಡವನಿಗೆ ಒಂದು ಹೇರೂ ಸಿಗದಿದ್ದರೆ, ಮುಂದೆ ಕೆರೆಯ ಕೆಲಸಕ್ಕೆ ಕರೆದಾಗ ಅವನು ಬರುವುದಿಲ್ಲ. ಆದ್ದರಿಂದ ಮಣ್ಣಿನ ಹಂಚಿಕೆಯನ್ನು ಮೊದಲ ಸಭೆಯಲ್ಲಿಯೇ ತೀರ್ಮಾನಿಸಿ, ನಡವಳಿ ಪುಸ್ತಕದಲ್ಲಿ ಬರೆದು, ಎಲ್ಲರ ರುಜು ಪಡೆಯಿರಿ.

2. ಅಳತೆ ಮತ್ತು ಅಂದಾಜು

'ಕೆರೆ ತುಂಬ ಹೂಳು ತುಂಬಿದೆ' ಎಂದರೆ ಯಾವ ದಾನಿಗೂ ಏನೂ ತಿಳಿಯದು. ಎಷ್ಟು ಹೂಳು, ಎಷ್ಟು ಖರ್ಚು, ಎಷ್ಟು ಲಾಭ ಎಂಬುದನ್ನು ಅಂಕಿಗಳಲ್ಲಿ ಹೇಳಬೇಕು. ಲೆಕ್ಕ ಕಠಿಣವೇನಲ್ಲ, ನೀವೇ ಹಾಕಿ ನೋಡಿ.

ಒಂದು ಎಕರೆ ಎಂದರೆ 43,560 ಚದರ ಅಡಿ. ಕೆರೆಯಂಗಳದ 10 ಎಕರೆಯಲ್ಲಿ ಒಂದು ಅಡಿ ಆಳ ಹೂಳು ತೆಗೆದರೆ 4,35,600 ಘನ ಅಡಿಯಾಗುತ್ತದೆ. ಇದು ಸುಮಾರು 12,335 ಘನ ಮೀಟರು. ಒಂದು ಘನ ಮೀಟರು ಜಾಗದಲ್ಲಿ 1,000 ಲೀಟರು ನೀರು ನಿಲ್ಲುವುದರಿಂದ, ಕೆರೆಯು ತುಂಬಿದಾಗ ಒಂದು ಕೋಟಿ ಇಪ್ಪತ್ತಮೂರು ಲಕ್ಷ ಲೀಟರು ನೀರಿಗೆ ಹೊಸದಾಗಿ ಜಾಗ ಮಾಡಿದಂತಾಯಿತು.

ಇನ್ನು ಸಾಗಣೆ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಒಂದು ಹೇರಿಗೆ 100 ಘನ ಅಡಿ ಸಡಿಲ ಮಣ್ಣೆಂದು ಹಿಡಿದರೆ, ಈ ಹೂಳು 5,000 ಹೇರಿಗೆ ಕಡಿಮೆಯಾಗದು. ಒಂದೆಕರೆ ಹೊಲಕ್ಕೆ ಒಂದು ಅಂಗುಲ ದಪ್ಪ ಹರಡಲು ಸುಮಾರು 36 ಹೇರು ಬೇಕು. ಹಾಗಾದರೆ 5,000 ಹೇರು ಸುಮಾರು 138 ಎಕರೆಗೆ ಸಾಕು. ಇಷ್ಟು ಹೊಲದ ರೈತರು ಮಣ್ಣು ಒಯ್ಯಲು ಒಪ್ಪಿದ್ದಾರೆಯೇ? ಒಪ್ಪದಿದ್ದರೆ ತೆಗೆದ ಹೂಳು ಕೆರೆಯ ಅಂಚಿನಲ್ಲಿಯೇ ರಾಶಿ ಬಿದ್ದು, ಮೊದಲ ಮಳೆಗೆ ಮರಳಿ ಕೆರೆಗೆ ಇಳಿಯುತ್ತದೆ. ಒಯ್ಯುವವರ ಹೆಸರು, ಹೊಲದ ಸರ್ವೆ ನಂಬರು, ಹೇರಿನ ಸಂಖ್ಯೆ, ಇವುಗಳ ಪಟ್ಟಿಯನ್ನು ಅಂದಾಜಿನ ಸಂಗಡವೇ ತಯಾರಿಸಿರಿ. ಮಣ್ಣನ್ನು ಹೊಲಕ್ಕೆ ಹಾಕುವ ಮೊದಲು ಪರೀಕ್ಷೆ ಮಾಡಿಸಿರಿ. ಮರಳು ಕೂಡಿದ ಕೆಂಪು ಭೂಮಿಗೆ ಗೋಡು ಒಳ್ಳೆಯದು. ಈಗಾಗಲೇ ಜಿಗುಟಾದ ಎರೆ ಭೂಮಿಗೆ ಅದರಿಂದ ಲಾಭ ಕಡಿಮೆ. ಚೌಳು ಸೇರಿದ ಹೂಳು ಯಾವ ಹೊಲಕ್ಕೂ ಬೇಡ.

ತಾಂತ್ರಿಕ ಅಂದಾಜನ್ನು ಎಂಜಿನಿಯರರಿಂದ ಬರೆಯಿಸಿರಿ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯ ನೀರು ಕಾಲುವೆಗೆ ಹರಿಯುವುದಿಲ್ಲ. ದನಗಳಿಗೂ ಅಂತರ್ಜಲಕ್ಕೂ ಮಾತ್ರ ಒದಗುತ್ತದೆ. ಏರಿಯ ಬುಡವನ್ನು ಕೆದಕಿದರೆ ಏರಿಗೇ ಅಪಾಯ. ಹೂಳಿನ ಕೆಳಗಿರುವ ಗಟ್ಟಿ ಜೇಡಿಯ ಪದರವನ್ನು ಒಡೆದರೆ ನೀರು ನಿಲ್ಲದೆ ಹೋಗಬಹುದು. ಹೂಳಿನ ಜೊತೆಗೆ ಕೋಡಿ, ತೂಬು, ನೀರು ತರುವ ಹಳ್ಳಗಳ ಸ್ಥಿತಿಯನ್ನೂ ನೋಡಿಸಿರಿ. ಬರುವ ಹಳ್ಳವೇ ಒತ್ತುವರಿಯಾಗಿದ್ದರೆ ಅಗೆದ ಕೆರೆಯೂ ಒಣಗಿಯೇ ಇರುತ್ತದೆ.

ಕೆರೆಯು ಸಾರ್ವಜನಿಕ ಸ್ವತ್ತು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಸಾಮಾನ್ಯವಾಗಿ ಪಂಚಾಯತಿಗಳ ಆಡಳಿತಕ್ಕೂ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೂ ಸೇರಿರುತ್ತವೆ. ಯಾರ ಸ್ವಾಧೀನದಲ್ಲಿದೆಯೋ ಅವರ ಲಿಖಿತ ಅನುಮತಿಯಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ತೆಗೆಯಕೂಡದು.

3. ದಾನಿಯನ್ನು ತಿಳಿಯುವುದು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ಗಾದೆ. ಊರ ಕೆಲಸದ ಹಣಕ್ಕೆ ಈ ಗಾದೆ ಸಲ್ಲದು. ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು ಎಂಬುದನ್ನು ನೋಡಿಯೇ ಮುಟ್ಟಬೇಕು.

ಕಂಪನಿಗಳ ಹಣ: 2013ರ ಕಂಪನಿ ಕಾಯಿದೆಯ 135ನೇ ವಿಧಿಯಂತೆ, ಗೊತ್ತಾದ ಮಟ್ಟಕ್ಕೆ ಮೇಲಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚುಮಾಡತಕ್ಕದ್ದು. ಗ್ರಾಮಾಭಿವೃದ್ಧಿಯೂ ಮಣ್ಣು ನೀರಿನ ರಕ್ಷಣೆಯೂ ಆ ಪಟ್ಟಿಯಲ್ಲಿವೆ. ಕಂಪನಿಯು ಬೇರೊಂದು ಸಂಸ್ಥೆಯ ಮೂಲಕ ಕೆಲಸ ಮಾಡಿಸುವುದಾದರೆ, ಆ ಸಂಸ್ಥೆಯು ಸರ್ಕಾರದಲ್ಲಿ ಅದಕ್ಕೆಂದೇ ನೋಂದಣಿ ಪಡೆದಿರಬೇಕು. ಈ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ವಿದೇಶಿ ಹಣ: ಇದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ ಇದೆ. ಅದರಂತೆ ನೋಂದಣಿ ಅಥವಾ ಮುಂಚಿನ ಅನುಮತಿ ಇಲ್ಲದ ಸಂಘವು ಒಂದು ರೂಪಾಯಿಯನ್ನೂ ಪಡೆಯಕೂಡದು. 2020ರ ತಿದ್ದುಪಡಿಯ ನಂತರ, ನೋಂದಣಿಯುಳ್ಳ ಸಂಸ್ಥೆಯೂ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಘಕ್ಕೆ ವರ್ಗಾಯಿಸುವಂತಿಲ್ಲ. ಆದ್ದರಿಂದ 'ಹಣವನ್ನು ನಿಮ್ಮ ಸಂಘದ ಖಾತೆಗೆ ಹಾಕುತ್ತೇವೆ' ಎಂದು ಯಾರಾದರೂ ಹೇಳಿದರೆ ಎಚ್ಚರಿಕೆಯಿಂದಿರಿ. ಅಂಥ ಸಂಸ್ಥೆಯು ತಾನೇ ಕೆಲಸ ಮಾಡಿಸಿ ತಾನೇ ಬಿಲ್ಲು ಪಾವತಿಮಾಡಬೇಕು.

ಹೊರದೇಶದಲ್ಲಿರುವ ನಮ್ಮೂರವರ ಹಣ: ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಭಾರತದ ಪೌರತ್ವವನ್ನು ಉಳಿಸಿಕೊಂಡವರು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವನ್ನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣವು, ಅವರು ಈ ಊರಿನಲ್ಲಿಯೇ ಹುಟ್ಟಿದವರಾದರೂ, ವಿದೇಶಿ ದೇಣಿಗೆಯೇ. ಕೇಳಲು ಸಂಕೋಚವಾದರೂ ಕೇಳಿ ತಿಳಿದುಕೊಂಡು, ಅವರ ಪಾಸ್‌ಪೋರ್ಟಿನ ನಕಲನ್ನು ಕಡತದಲ್ಲಿಡಿ.

ವಿಶ್ವ ಬ್ಯಾಂಕಿನಂಥ ಸಂಸ್ಥೆಗಳ ಹಣ: ಇದು ಊರಿಗೆ ನೇರವಾಗಿ ಬರುವುದಲ್ಲ, ಸರ್ಕಾರದ ಮೂಲಕ ಬರುವುದು, ಬಹುಪಾಲು ದಾನವೂ ಅಲ್ಲ, ಸರ್ಕಾರ ತೀರಿಸಬೇಕಾದ ಸಾಲ. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯೂ, 2002ರಲ್ಲಿ ಆರಂಭವಾದ ಜಲ ಸಂವರ್ಧನೆ ಕೆರೆ ಯೋಜನೆಯೂ ಇಂಥವು. ಎರಡರಲ್ಲಿಯೂ ಊರಿನಲ್ಲಿ ಸಂಘ ಕಟ್ಟುವುದೂ, ಊರವರೇ ಕೂಡಿ ಯೋಜನೆ ಬರೆಯುವುದೂ, ಫಲಾನುಭವಿಗಳು ತಮ್ಮ ಪಾಲಿನ ವಂತಿಗೆ ಹಾಕುವುದೂ ಕಾರ್ಯದ ಅಂಗಗಳಾಗಿದ್ದವು.

4. ಕರಾರು

ಬಾಯಿಮಾತಿನ ಒಪ್ಪಂದ ಬೇಡ. ಕರಾರು ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೆ ಬರೆಯಿಸಿ ಸಭೆಯಲ್ಲಿ ಓದಿಸಿ, ಆಮೇಲೆ ರುಜು ಮಾಡಿರಿ. ಓದಿನಲ್ಲಿ ಮೂರು ಸಂಗತಿಗಳ ಕಡೆ ವಿಶೇಷ ಗಮನವಿರಲಿ.

ಮೊದಲನೆಯದು ಕಂತು. ಹಣವು ಒಟ್ಟಿಗೆ ಬರುವುದು ಅಪರೂಪ. ಲೆಕ್ಕಕ್ಕಾಗಿ, 10 ಲಕ್ಷ ರೂಪಾಯಿಯ ಕೆಲಸಕ್ಕೆ 4 ಲಕ್ಷ ಮುಂಗಡ, 4 ಲಕ್ಷ ನಡುವೆ, 2 ಲಕ್ಷ ಅಂತಿಮ ವರದಿ ಒಪ್ಪಿಸಿದ ಮೇಲೆ ಎಂದಿಟ್ಟುಕೊಳ್ಳಿ. ಕೆಲಸ ಮುಗಿದ ದಿನವೇ ಯಂತ್ರದವನು ತನ್ನ ಪೂರ್ತಿ ಬಾಕಿ ಕೇಳುತ್ತಾನೆ, ಕೊನೆಯ ಕಂತಾದರೋ ಇನ್ನೂ ಎರಡು ತಿಂಗಳು ಬರುವುದಿಲ್ಲ. ಆಗ ಅಧ್ಯಕ್ಷರು ಕೈಸಾಲ ಮಾಡಿ ಬಡ್ಡಿ ಕಟ್ಟಬೇಕಾಗುತ್ತದೆ. ಈ ತೊಂದರೆ ತಪ್ಪಬೇಕಾದರೆ, ಯಂತ್ರದವನ ಸಂಗಡ ಮಾಡುವ ಕರಾರಿನಲ್ಲಿಯೂ ಅದೇ ಕಂತುಗಳನ್ನು ಬರೆದುಕೊಳ್ಳಿರಿ.

ಎರಡನೆಯದು ಕಾಲ. ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚಿಗೆ. ಬಯಲುಸೀಮೆಯ ಕೆರೆಯಲ್ಲಿ ಯಂತ್ರ ಇಳಿಯಬಹುದಾದ ಕಾಲ ಸಾಮಾನ್ಯವಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗೆ. ಮಂಜೂರಾತಿ ಜೂನಿನಲ್ಲಿ ಬಂದರೆ ಕೆರೆಯಲ್ಲಿ ಕೆಸರು. ಫೆಬ್ರವರಿಯಲ್ಲಿ ಕೆಲಸ ಹಿಡಿಯಬೇಕಾದರೆ ಹಿಂದಿನ ದೀಪಾವಳಿಯ ಹೊತ್ತಿಗೆ ಅಂದಾಜು, ಅನುಮತಿ, ಅರ್ಜಿ ಮೂರೂ ಸಿದ್ಧವಾಗಿರಬೇಕು. ಕೆಲಸ ಮಾರ್ಚಿಯನ್ನು ದಾಟುವುದಾದರೆ, ದಾಟಲು ಅವಕಾಶವಿದೆಯೆಂಬ ಮಾತು ಕರಾರಿನಲ್ಲಿಯೇ ಇರಲಿ.

ಮೂರನೆಯದು ನಮ್ಮ ಪಾಲು. ಯಂತ್ರದ ಬಾಡಿಗೆ ದಾನಿಯದು, ಮಣ್ಣಿನ ಸಾಗಣೆ ರೈತರದು ಎಂಬುದು ಹಲವು ಕಡೆ ರೂಢಿಯಲ್ಲಿರುವ ಕ್ರಮ. ಒಪ್ಪಿದ ಪಾಲನ್ನು ಕೆಲಸ ಆರಂಭವಾಗುವ ಮೊದಲೇ ವಸೂಲುಮಾಡಿ, ರಸೀತಿ ಕೊಟ್ಟು ಬ್ಯಾಂಕಿಗೆ ಕಟ್ಟಿರಿ. ಹಣವಿಲ್ಲದವರು ಶ್ರಮದಾನದಿಂದ ಪಾಲು ಸಲ್ಲಿಸಬಹುದೆಂದು ಬರೆದುಕೊಳ್ಳಿರಿ. ಅವರ ದುಡಿಮೆಗೆ ಕಟ್ಟುವ ಬೆಲೆ ಊರಿನ ಕೂಲಿಯ ದರಕ್ಕೆ ಕಡಿಮೆಯಾಗದಿರಲಿ.

5. ಕೆಲಸ ನಡೆಸುವುದು

ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಜಂಟಿ ರುಜು. ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಮೂರು ಕಡೆಯಿಂದ ದರಪಟ್ಟಿ ತರಿಸಿ ಸಭೆಯಲ್ಲಿ ತೆರೆಯಿರಿ. ಯಂತ್ರವು ಸಂಘದ ಪದಾಧಿಕಾರಿಯದೋ ಅವನ ನೆಂಟನದೋ ಆಗಿದ್ದರೆ, ಅವನು ಆ ತೀರ್ಮಾನದಲ್ಲಿ ಸೇರಕೂಡದು.

ಹಣ ಸೋರುವ ಜಾಗ ಯಂತ್ರದ ಗಂಟೆ. ಅಗೆಯುವ ಯಂತ್ರದಲ್ಲಿ ಗಂಟೆ ತೋರಿಸುವ ಮೀಟರು ಇರುತ್ತದೆ. ಬೆಳಿಗ್ಗೆ 2314.0 ಇದ್ದು ಸಂಜೆ 2321.5 ಆದರೆ ಅಂದು ನಡೆದದ್ದು ಏಳೂವರೆ ಗಂಟೆ. ಒಂಬತ್ತು ಗಂಟೆಯೆಂದು ಬಿಲ್ಲು ಬಂದರೆ ಒಂದೂವರೆ ಗಂಟೆಯ ಹಣ ಹೋಯಿತು. ಇಪ್ಪತ್ತು ದಿನಕ್ಕೆ ಮೂವತ್ತು ಗಂಟೆ! ಆದ್ದರಿಂದ ಎರಡು ಹೊತ್ತೂ ಮೀಟರಿನ ಅಂಕಿಯನ್ನು ಬರೆದು, ಚಾಲಕನೂ ಅಂದಿನ ಸರದಿಯ ಇಬ್ಬರು ರೈತರೂ ರುಜು ಹಾಕಬೇಕು.

ಅಗೆದ ಆಳವನ್ನು ಅಳೆಯಲು ಹಳೆಯ ಉಪಾಯವೊಂದಿದೆ. ಅಲ್ಲಲ್ಲಿ ಮೂಲ ಮಟ್ಟದ ಗುರುತಿನ ದಿಬ್ಬಗಳನ್ನು ಅಗೆಯದೆ ಬಿಡುವುದು. ದಿಬ್ಬದ ನೆತ್ತಿಯಿಂದ ನೆಲಕ್ಕೆ ಎಷ್ಟು ಅಡಿಯೋ ಅಷ್ಟು ಆಳ ಕೆಲಸವಾಗಿದೆ. ಅಳತೆ ಬರೆದು, ಬಿಲ್ಲು ತೀರುವವರೆಗೂ ಆ ದಿಬ್ಬಗಳನ್ನು ತೆಗೆಯಬೇಡಿ.

ಕೆಲಸದ ನಡುವೆ ಅಂದುಕೊಳ್ಳದ ಸಂಗತಿ ಎದುರಾಗುವುದುಂಟು. ಹೂಳು ತೆಗೆಯುವಾಗ ತೂಬಿನ ಕಲ್ಲು ಸಡಿಲವಾಗಿರುವುದು ಕಂಡಿತೆನ್ನಿ. ಹೂಳಿನ ಬಾಬಿನ ಹಣವನ್ನು ತೂಬಿಗೆ ಹಾಕುವುದು ಒಳ್ಳೆಯ ಉದ್ದೇಶವೇ. ಆದರೆ ಕೇಳದೆ ಮಾಡಿದರೆ ಲೆಕ್ಕ ಪರಿಶೋಧಕರ ಕಣ್ಣಿಗೆ ಅದು ಹಣದ ದುರ್ವಿನಿಯೋಗ. ಫೋಟೋ ತೆಗೆದು, ಸಭೆಯ ನಿರ್ಣಯದೊಡನೆ ದಾನಿಗೆ ಕಾಗದ ಬರೆದು, ಲಿಖಿತ ಒಪ್ಪಿಗೆ ಬಂದ ಮೇಲೆ ಕೈಹಾಕಿರಿ.

6. ಲೆಕ್ಕ ಮತ್ತು ವರದಿ

ಇಡಬೇಕಾದ ಪುಸ್ತಕಗಳು ಇವು: ನಡವಳಿ ಪುಸ್ತಕ, ನಗದು ಪುಸ್ತಕ, ರಸೀತಿ ಪುಸ್ತಕ, ವೋಚರುಗಳ ಕಡತ, ಯಂತ್ರದ ಗಂಟೆಯ ಪುಸ್ತಕ, ಹೇರಿನ ಪುಸ್ತಕ, ಶ್ರಮದಾನದ ಹಾಜರಿ ಪುಸ್ತಕ. ಅಂದಿನ ಲೆಕ್ಕವನ್ನು ಅಂದೇ ಬರೆಯಿರಿ. ತಿಂಗಳಿಗೊಮ್ಮೆ ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡಿರಿ. ಬಂದ ಹಣ, ಖರ್ಚಾದ ಹಣ, ಉಳಿದ ಹಣ, ಈ ಮೂರು ಅಂಕಿಗಳನ್ನು ಪಂಚಾಯತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿರಿ. ಗುಸುಗುಸು ಮಾತಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ದಾನಿಗೆ ಬೇಕಾದದ್ದು ಖರ್ಚಿನ ಲೆಕ್ಕವಷ್ಟೇ ಅಲ್ಲ, ಆದ ಪ್ರಯೋಜನದ ಲೆಕ್ಕವೂ ಹೌದು. ಅದು ಕೆಲಸಕ್ಕೆ ಮೊದಲೇ ಆರಂಭವಾಗಬೇಕು. ಕೆರೆಯ ಸುತ್ತಲಿನ ಐದಾರು ಬಾವಿಗಳನ್ನು ಆರಿಸಿ, ಏಪ್ರಿಲ್ ತಿಂಗಳಲ್ಲಿ ನೀರು ಎಷ್ಟು ಆಳದಲ್ಲಿದೆಯೆಂದು ಹಗ್ಗ ಇಳಿಸಿ ಅಳೆದಿಡಿ. ಕೆರೆಯಲ್ಲಿ ನೀರು ಎಷ್ಟು ತಿಂಗಳು ನಿಂತಿತ್ತು, ಎಷ್ಟು ಎಕರೆ ನೆನೆಯಿತು ಎಂಬುದನ್ನೂ ಬರೆಯಿರಿ. ಕೆಲಸವಾದ ಮೇಲಿನ ವರ್ಷಗಳಲ್ಲಿ ಅದೇ ಬಾವಿಗಳನ್ನು ಅದೇ ತಿಂಗಳಲ್ಲಿ ಅಳೆಯಿರಿ. ಆಯಾ ವರ್ಷದ ಮಳೆಯನ್ನೂ ಪಕ್ಕದಲ್ಲಿ ಬರೆಯಬೇಕು. ಇಲ್ಲವಾದರೆ ಒಳ್ಳೆಯ ಮಳೆಯ ಫಲವನ್ನು ನಮ್ಮ ಕೆಲಸದ ಫಲವೆಂದೋ, ಬರದ ದೋಷವನ್ನು ನಮ್ಮ ಕೆಲಸದ ದೋಷವೆಂದೋ ತಿಳಿದೇವು. ಸುಜಲ ಯೋಜನೆಯಲ್ಲಿ ಇಂಥ ಪರಿಶೀಲನೆಗೆ ಉಪಗ್ರಹದ ಚಿತ್ರಗಳನ್ನೂ ಬಳಸಿಕೊಂಡಿದ್ದರು. ಊರಿನ ಸಂಘಕ್ಕೆ ಹಗ್ಗ, ಅಳತೆಪಟ್ಟಿ, ಒಂದು ನೋಟ್‌ಬುಕ್ಕು ಸಾಕು.

ಉಳಿದ ಹಣವನ್ನು ಕರಾರಿನಂತೆ ಮರಳಿಸಿರಿ, ಅಥವಾ ಲಿಖಿತ ಒಪ್ಪಿಗೆ ಪಡೆದು ಬಳಸಿರಿ. ಆಗದೆ ಉಳಿದ ಕೆಲಸವನ್ನು ವರದಿಯಲ್ಲಿ ಮರೆಮಾಚಬೇಡಿ. 'ಇಷ್ಟಾಯಿತು, ಇಷ್ಟಾಗಲಿಲ್ಲ, ಕಾರಣ ಇದು' ಎಂದು ನೇರವಾಗಿ ಬರೆದ ಸಂಘಕ್ಕೆ ದಾನಿಯು ಎರಡನೆಯ ಸಲವೂ ನಂಬಿ ಹಣ ಕೊಡುತ್ತಾನೆ.

7. ವಹಿಸಿಕೊಂಡು ಪಾಲಿಸುವುದು

ಫಲಕ ನೆಟ್ಟು, ಹಾರ ಹಾಕಿ, ದಾನಿಗಳ ಕಾರು ಊರು ದಾಟಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಮೇಲಿನ ಹೊಲಗಳಲ್ಲಿ ಬದುಗಳಿಲ್ಲದಿದ್ದರೆ ಪ್ರತಿ ಮಳೆಗೂ ಹೂಳು ಮತ್ತೆ ಬರುತ್ತದೆ. ಏರಿಯ ಮೇಲೆ ಜಾಲಿ ಬೆಳೆದು ಬೇರು ಬಿಡುತ್ತದೆ, ಕೋಡಿಗೆ ಕಸ ಕಟ್ಟುತ್ತದೆ. ಇವುಗಳನ್ನು ನೋಡಿಕೊಳ್ಳಲು ಹಿಂದೆ ನೀರುಗಂಟಿ ಇದ್ದ, ಅವನಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿತ್ತು. ಆ ಏರ್ಪಾಡು ತಪ್ಪಿದ ಕಡೆ ಹೊಸದೊಂದು ಬೇಕು. ಲೆಕ್ಕಕ್ಕಾಗಿ, 80 ಎಕರೆ ಅಚ್ಚುಕಟ್ಟಿನವರು ಎಕರೆಗೆ ವರ್ಷಕ್ಕೆ 300 ರೂಪಾಯಿ ಹಾಕಿದರೆ 24,000 ರೂಪಾಯಿ ಕೂಡುತ್ತದೆ. ಅದರಿಂದ ಕಾಲುವೆ ತೆಗೆಸಬಹುದು, ಜಾಲಿ ಕಡಿಸಬಹುದು, ತೂಬು ನೋಡುವವನಿಗೆ ಸಂಭಾವನೆ ಕೊಡಬಹುದು. ಈ ನಿರ್ಣಯವನ್ನು ಮೊದಲ ಸಭೆಯಲ್ಲಿಯೇ ಮಾಡಿಕೊಳ್ಳಿರಿ. ಕೆಲಸ ಮುಗಿದ ಮೇಲೆ ವಂತಿಗೆ ಎತ್ತುವುದು ಬಹಳ ಕಷ್ಟ.

ಬಾಂಧವರೇ, ದಾನಿಯು ಒಂದು ಸಲ ಬರುತ್ತಾನೆ. ಕೆರೆ ನಮ್ಮ ಮಕ್ಕಳ ಕಾಲಕ್ಕೂ ಇರಬೇಕು. ಹಣದ ಪುಸ್ತಕವನ್ನೂ ಕೆರೆಯ ಏರಿಯನ್ನೂ ಒಂದೇ ಎಚ್ಚರದಿಂದ ಕಾಯುವ ಊರಿಗೆ ನೆರವು ತಾನಾಗಿ ಹುಡುಕಿಕೊಂಡು ಬರುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನ ಕೆರೆ ಯಾರ ಆಡಳಿತದಲ್ಲಿದೆ? ಅದರ ಅಚ್ಚುಕಟ್ಟು ಎಷ್ಟು?
2. ಕೆರೆಯನ್ನು ಬಳಸುವವರಲ್ಲಿ ನಮ್ಮ ಸಭೆಗೆ ಬಾರದವರು ಯಾರು? ಏಕೆ ಬರುತ್ತಿಲ್ಲ?
3. ಕೆರೆಯಂಗಳದ 6 ಎಕರೆಯಲ್ಲಿ ಒಂದೂವರೆ ಅಡಿ ಹೂಳು ತೆಗೆದರೆ ಎಷ್ಟು ಘನ ಅಡಿಯಾಗುತ್ತದೆ? (ಉತ್ತರ: 3,92,040)
4. ಮುಂದಿನ ಫೆಬ್ರವರಿಯಲ್ಲಿ ಕೆಲಸ ಹಿಡಿಯಬೇಕಾದರೆ ಯಾವ ಕಾಗದಗಳು ಯಾವ ತಿಂಗಳಲ್ಲಿ ಸಿದ್ಧವಾಗಬೇಕು?
5. ಪಾಲನೆಯ ವಂತಿಗೆ ಎಕರೆಗೆ ಎಷ್ಟಿರಲಿ? ಜಮೀನಿಲ್ಲದವರು ಯಾವ ರೀತಿ ಪಾಲುಗೊಳ್ಳಬಹುದು?